ಮುಯ್ಯಾಳಾಗಿ ನೈರೋಬಿಗೆ

ಉದ್ದ ಇದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ನಿಧಾನಕ್ಕೆ ಓದಿ.

ನೈರೋಬಿಯಿಂದ ವಾಪಸ್ ಬಂದು ಹದಿನೈದು ದಿನ ಆಯ್ತು. ಡೈರಿ ಹತ್ರ, ಗೊಬ್ಬರದ ಅಂಗಡಿ ಹತ್ರ ಸಿಕ್ಕಿದೋರೆಲ್ಲ ಕೇಳೋದು ಎರಡೇ ಪ್ರಶ್ನೆ. ಎಷ್ಟು ಕೊಟ್ರು? ನಮ್ಮ ಹುಡುಗನ್ನೂ ಕಳಿಸಬಹುದಾ? ಮೊದಲನೇದಕ್ಕೆ ಉತ್ತರ ಚಿಕ್ಕದು: ಸಂಬಳ ಇಲ್ಲ. ವಿಮಾನದ ಟಿಕೆಟ್, ಊಟ, ಮಲಗೋಕೆ ಜಾಗ ಕರೆಸಿದವರದು. ಪಾಸ್‌ಪೋರ್ಟು, ಸೂಜಿ, ಬೆಂಗಳೂರಿಗೆ ಓಡಾಡಿದ ಖರ್ಚು ನಂದು. ಎರಡನೇ ಪ್ರಶ್ನೆಗೋಸ್ಕರ ಇಷ್ಟೆಲ್ಲ ಬರೀತಿದ್ದೀನಿ. ಯಾಕಂದ್ರೆ ನಮ್ಮ ಸುತ್ತಮುತ್ತಲೇ ಎರಡು ಮೂರು ಮನೆಗೆ ಫೋನ್ ಬಂದಿದೆಯಂತೆ. "ವಿದೇಶದಲ್ಲಿ ಸ್ವಯಂಸೇವೆ, ಎರಡು ವಾರ, ಸರ್ಟಿಫಿಕೇಟ್ ಸಮೇತ, ಮುಂದೆ ಅಲ್ಲೇ ಕೆಲಸ ಸಿಗೋ ದಾರಿ" ಅಂತ ಹೇಳಿ ಲಕ್ಷದ ಲೆಕ್ಕದಲ್ಲಿ ದುಡ್ಡು ಕೇಳ್ತಿದ್ದಾರೆ. ಒಬ್ಬರು ಎರಡು ಹಸು ಮಾರಿ ಮುಂಗಡ ಕಟ್ಟೋಕೆ ಹೊರಟಿದ್ದಾರೆ. ಅವರು ಇದನ್ನ ಓದ್ತಾರೆ ಅಂತ ಗೊತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹೊರದೇಶಕ್ಕೆ ಸೇವೆ ಅಂತ ಹೋಗೋದಾದ್ರೆ ಮುಯ್ಯಾಳಾಗಿ ಹೋಗಬೇಕು. ಇಲ್ದಿದ್ರೆ ಮನೇಲಿರೋದು ವಾಸಿ.

ಮುಯ್ಯಾಳು ಅಂದ್ರೆ ನಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳೋದು ಬೇಕಿಲ್ಲ, ಹುಡುಗರಿಗೆ ಬೇಕು. ಕಳೆ ಕೀಳೋಕೆ, ರಾಗಿ ಕೊಯ್ಲಿಗೆ ಕೂಲಿ ಕೊಡೋ ಶಕ್ತಿ ಇಲ್ಲದ ಕಾಲದಲ್ಲಿ ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಅದಕ್ಕೆ ಬರೆದಿಡದ ಕಟ್ಟುಪಾಡು ಇತ್ತು. ಕರೀದೆ ಯಾರೂ ಹೋಗ್ತಿರಲಿಲ್ಲ. ಹೋದ ಮೇಲೆ ಹೊಲದವನು ತೋರಿಸಿದ ಸಾಲು ಹಿಡೀಬೇಕು, ನಿನ್ನ ಸಾಲು ಸರಿ ಇಲ್ಲ ಅಂತ ತಕರಾರು ತೆಗೆಯಂಗಿಲ್ಲ. ಅವರ ಮನೆ ಮುದ್ದೆ ಉಣ್ಣಬೇಕು. ಮುಯ್ಯಿ ತೀರೋವರೆಗೂ ಲೆಕ್ಕ ಇಬ್ಬರ ತಲೇಲೂ ಇರುತ್ತೆ. ಅದರಲ್ಲಿ ದಾನನೂ ಇಲ್ಲ, ಧರ್ಮನೂ ಇಲ್ಲ. ಯಾರೂ ಯಾರಿಗೂ ಕೈ ಮುಗೀತಿರಲಿಲ್ಲ.

ನಾನು ಹೋಗಿದ್ದು ಹೆಂಗೆ ಅಂದ್ರೆ, ರಾಗಿ ಬೆಳೆಗಾರರ ಜೊತೆ ಓಡಾಡೋ ಒಂದು ಸಣ್ಣ ಸಂಸ್ಥೆಯವರು ಪರಿಚಯ. ಅವರಿಗೆ ನೈರೋಬಿಯ ಒಂದು ಹೆಂಗಸರ ಗುಂಪಿನಿಂದ ಕೇಳಿಕೆ ಬಂದಿತ್ತು. ಸೊಪ್ಪಿನ ಸಸಿ ಮಾಡೋದು, ಕಸದಿಂದ ಗೊಬ್ಬರ ಮಾಡೋದು ಕೈಯಾರೆ ಗೊತ್ತಿರೋ ರೈತರು ಬೇಕು, ಭಾಷಣ ಮಾಡೋರು ಬೇಡ ಅಂತ. ಕಣ ಮುಗಿದಿತ್ತು. ಸಂಕ್ರಾಂತಿ ಮಾಡಿಕೊಂಡು ಹೊರಟೆ. ಐದು ವಾರ.

ಮೊದಲ ವಾರ ಕಣ್ಣಿಗೆ ಬಿದ್ದದ್ದನ್ನ ರಾತ್ರಿ ರಾತ್ರಿ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಹೊಸ ಎತ್ತು ಕೊಟ್ಟಿಗೆಗೆ ಬಂದಾಗ ಮೊದಲ ದಿನವೇ ಅದರ ಸುಳಿ, ನಡೆ ನೋಡಿಕೊಳ್ಳಬೇಕು. ಹತ್ತು ದಿನ ಆದ್ರೆ ಕಣ್ಣು ಒಗ್ಗಿಹೋಗುತ್ತೆ, ಏನೂ ಕಾಣಲ್ಲ.

ಮುಂಬೈಯಿಂದ ವಿಮಾನದಲ್ಲಿ ಆರು ಗಂಟೆ. ನಮಗಿಂತ ಎರಡೂವರೆ ಗಂಟೆ ಹಿಂದೆ. ಆಫ್ರಿಕಾ ಅಂದ್ರೆ ಬೆಂಕಿ ಬಿಸಿಲು ಅಂದುಕೊಂಡಿರೋರು ಸ್ವೆಟರ್ ಇಟ್ಕೊಂಡು ಹೋಗಿ. ಊರು ಸಮುದ್ರ ಮಟ್ಟಕ್ಕಿಂತ 1,600 ಮೀಟರ್‌ಗೂ ಮೇಲಿದೆ, ಬೆಂಗಳೂರಿಗಿಂತ ಎಷ್ಟೋ ಎತ್ತರ. ಬಿಸಿಲಲ್ಲಿ ನಿಂತ್ರೆ ಚುರುಕ್ ಅನ್ನುತ್ತೆ, ನೆರಳಿಗೆ ಬಂದ್ರೆ ಚಳಿ. ಸಮಭಾಜಕ ವೃತ್ತದ ಪಕ್ಕದಲ್ಲೇ ಇರೋದ್ರಿಂದ ವರ್ಷಪೂರ್ತಿ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ. ಅದಕ್ಕೇ ಇರಬೇಕು, ಅವರ ಸ್ವಾಹಿಲಿ ಭಾಷೇಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದಾಗಿಂದ. ಬೆಳಗ್ಗೆ ಏಳು ಗಂಟೆ ಅಂದ್ರೆ ಅವರಿಗೆ ಒಂದು ಗಂಟೆ, "ಸಾ ಮೋಜಾ". ಎಂಟು ಅಂದ್ರೆ ಎರಡು. ಇದು ರೈತನ ಗಡಿಯಾರ ಕಣ್ರೀ. ನಮ್ಮಜ್ಜ ಹೊತ್ತು ಹುಟ್ಟಿ ಎಷ್ಟು ಗಳಿಗೆ ಆಯ್ತು ಅಂತ ನೋಡ್ತಿದ್ದಂಗೆ. ಇಷ್ಟು ದೊಡ್ಡ ಊರು, ಗಾಜಿನ ಕಟ್ಟಡ, ಮೇಲ್ಸೇತುವೆ ಎಲ್ಲ ಇದ್ದೂ ಗಡಿಯಾರ ಮಾತ್ರ ಹೊಲದ್ದು.

ಗದ್ದಲ ಅಂದ್ರೆ ಮಟಾಟು. ನಮ್ಮ ಕಡೆ ಟೆಂಪೋ, ಮ್ಯಾಕ್ಸಿಕ್ಯಾಬ್ ಇದ್ದಂಗೆ ಖಾಸಗಿ ವ್ಯಾನು, ಮಿನಿ ಬಸ್ಸು. ಮೈತುಂಬ ಬಣ್ಣ, ಫುಟ್‌ಬಾಲ್ ಆಟಗಾರರ ಚಿತ್ರ, ಒಳಗೆ ಎದೆ ನಡುಗೋ ಹಾಗೆ ಹಾಡು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ತಗಡು ಬಡೀತಾ ಕೂಗ್ತಾನೆ. ಮಳೆ ಹನಿ ಬಿದ್ರೆ ರೇಟು ಜಾಸ್ತಿ, ಅದೇ ಸೀಟು, ಅದೇ ದಾರಿ. ದುಡ್ಡು ಕೊಡೋದು ಮೊಬೈಲಲ್ಲಿ. ಎಂ-ಪೆಸಾ ಅಂತಾರೆ, 2007ರಲ್ಲೇ ಶುರುವಾಗಿದ್ದು. ಬಟನ್ ಫೋನಲ್ಲೂ ನಡೆಯುತ್ತೆ, ಇಂಟರ್ನೆಟ್ ಬೇಡ. ನಮ್ಮಲ್ಲಿ ಯುಪಿಐ ಬಂದಿದ್ದು 2016ರಲ್ಲಿ. ರಸ್ತೆ ಬದೀಲಿ ಎರಡು ಕಟ್ಟು ಸೊಪ್ಪು ಮಾರೋ ಹೆಂಗಸೂ ಅದರಲ್ಲೇ ದುಡ್ಡು ತಗೊಳ್ತಾಳೆ. ಅಂಥವರಿಗೆ "ಮಾಮಾ ಎಂಬೊಗಾ" ಅಂತ ಹೆಸರು, ಅಂದ್ರೆ ತರಕಾರಿ ಅಮ್ಮ.

ಆದ್ರೆ ಅರ್ಧ ಊರು ಮಟಾಟು ಹತ್ತೋದೇ ಇಲ್ಲ, ನಡೆಯುತ್ತೆ. ಬೆಳಗ್ಗೆ ಇನ್ನೂ ಕತ್ತಲು ಇರೋವಾಗ ಕಾರ್ಖಾನೆ ಕಡೆಗೆ ಸಾಲು ಸಾಲು ಜನ, ಮಾತಿಲ್ಲ, ಬರೀ ಹೆಜ್ಜೆ ಸದ್ದು. ಬಂಗಾರಪೇಟೆ ಕಡೆಯಿಂದ ಬೆಂಗಳೂರಿಗೆ ಬೆಳಗಿನ ರೈಲಲ್ಲಿ ಬಾಗಿಲಿಗೆ ಜೋತು ಹೋಗೋ ನಮ್ಮ ಹುಡುಗರ ಮುಖ ನೆನಪಾಯ್ತು. ಬಸ್ಸಿನ ದುಡ್ಡು ಉಳಿದ್ರೆ ಅದು ರಾತ್ರಿ ಊಟಕ್ಕೆ. ದೊಡ್ಡ ರಸ್ತೆ ಪಕ್ಕದ ಜಾಲಿ ಮರದ ನೆತ್ತೀಲಿ ಒಬ್ಬಾಳುದ್ದದ ಬೋಳುತಲೆ ಕೊಕ್ಕರೆ ನಿಂತಿರ್ತವೆ, ಕಸ ತಿಂದು ಬದುಕೋವು. ಕೆಳಗೆ ಗಾಡಿಗಳ ಹಾರನ್, ಅವು ಅಲ್ಲಾಡೋದೇ ಇಲ್ಲ. ಜನವರಿಯಲ್ಲಿ ಮಾವಿನ ಹಣ್ಣು ಕೈಗಾಡೀಲಿ! ಶ್ರೀನಿವಾಸಪುರದೋರು ಕೇಳಿಸಿಕೊಳ್ಳಿ, ನಮ್ಮ ಮರ ಹೂವಲ್ಲಿರೋವಾಗ ಅವರದು ಸುಗ್ಗಿ.

ನಾನಿದ್ದದ್ದು ಮುಕುರು ಅನ್ನೋ ಕಡೆ, ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡ ತಗಡಿನ ಮನೆಗಳ ದೊಡ್ಡ ವಸತಿ. ಊರಿನ ಪಶ್ಚಿಮಕ್ಕೆ ಶ್ರೀಮಂತರು, ಅಲ್ಲಿ ನಮ್ಮದೇ ಥರ ಕೆಂಪು ಮಣ್ಣು. ಪೂರ್ವದ ಕಡೆ ಎರೆ ಮಣ್ಣು, ನೀರು ಬಿದ್ರೆ ಅಂಟು, ಒಣಗಿದ್ರೆ ಬಿರುಕು. ಬಡವರು ಅದರ ಮೇಲೆ. ಇದು ಯಾವ ಪುಸ್ತಕದ್ದೂ ಅಲ್ಲ, ಮಟಾಟು ಕಿಟಕಿಯಿಂದ ಮಣ್ಣಿನ ಬಣ್ಣ ನೋಡ್ತಾ ಹೋದ್ರೆ ಯಾವ ರೈತನಿಗಾದ್ರೂ ತಿಳಿಯುತ್ತೆ.

ಹೆಂಗಸರ ಗುಂಪಿಗೆ ಅಲ್ಲಿ "ಚಾಮಾ" ಅಂತಾರೆ. ನಮ್ಮ ಸ್ತ್ರೀಶಕ್ತಿ ಸಂಘ ಪ್ಲಸ್ ಚೀಟಿ ಅಂದುಕೊಳ್ಳಿ. ಇಪ್ಪತ್ತು ಜನ ಇದ್ರು. ವಾರಕ್ಕೆ ಇಷ್ಟು ಅಂತ ಹಾಕ್ತಾರೆ, ಸರದಿ ಮೇಲೆ ಒಬ್ಬರಿಗೆ ಕೊಡ್ತಾರೆ. ಅವರ ಅಧ್ಯಕ್ಷೆಗೆ ನನ್ನಷ್ಟೇ ವಯಸ್ಸು. ಹೆಂಗಸರನ್ನ ಹೆಸರು ಹಿಡಿದು ಕರೆಯಲ್ಲ, ಮಗುವಿನ ಹೆಸರು ಸೇರಿಸಿ ಇಂಥವರ ಅಮ್ಮ ಅಂತಾರೆ, ನಮ್ಮಂಗೇ. ನನಗೆ "ಮ್ಜೀ" ಅಂತಿದ್ರು, ಯಜಮಾನ್ರೇ ಅಂದಂಗೆ. ಇಂಗ್ಲಿಷು ಅವರಿಗೂ ಅಷ್ಟಕ್ಕಷ್ಟೆ, ನನಗೂ ಅಷ್ಟಕ್ಕಷ್ಟೆ, ಹಾಗಾಗಿ ಚೆನ್ನಾಗಿ ಅರ್ಥ ಆಗ್ತಿತ್ತು. ಚಾಯ್, ಚಪಾತಿ, ಗಾಡಿಗೆ ಗಾರಿ, ಅಂಗಡಿಗೆ ದುಕಾ. ಅರ್ಧ ಮಾತು ನಮ್ಮ ದೇಶದವರೇ ಅಲ್ಲಿ ಬಿಟ್ಟು ಬಂದಿರೋದು. 1896ರಿಂದ ರೈಲು ಹಳಿ ಹಾಕೋಕೆ ಬ್ರಿಟಿಷರು ಮೂವತ್ತು ಸಾವಿರಕ್ಕೂ ಮೇಲೆ ಕೂಲಿಗಳನ್ನ ಇಲ್ಲಿಂದ ಕರ್ಕೊಂಡು ಹೋದ್ರು, ಹೆಚ್ಚಿನವರು ಪಂಜಾಬಿನವರು. ಆ ರೈಲಿಗಾಗಿ 1899ರಲ್ಲಿ ಹಾಕಿದ ಡಿಪೋನೇ ಬೆಳೆದು ನೈರೋಬಿ ಆಯ್ತು. ಈಗ ಅಲ್ಲಿ ಇಂಡಿಯಾದವನು ಅಂದ್ರೆ ಅಂಗಡಿ ಯಜಮಾನ, ಕಾರ್ಖಾನೆ ಯಜಮಾನ ಅಂತ ನೋಡ್ತಾರೆ. ಮೊದಲ ದಿನ ನನ್ನನ್ನೂ ಹಂಗೇ ನೋಡಿದ್ರು. ಕುರ್ಚಿ ಹಾಕಿದ್ರು.

ಅಧ್ಯಕ್ಷೆಯಮ್ಮ ಮಾತ್ರ ಕುರ್ಚಿ ತೆಗೆಸಿ ಎರಡು ಹಳದಿ ಕ್ಯಾನು ಕೈಗೆ ಕೊಟ್ರು. ಮೊದಲ ಮೂರು ದಿನ ನನ್ನ ಕೆಲಸ ನೀರು ಹೊರೋದು. ಸಸಿ ಬಗ್ಗೆ ಒಂದು ಮಾತು ಕೇಳಲಿಲ್ಲ. ನನಗದು ಸರಿ ಅನ್ನಿಸ್ತು, ಮುಯ್ಯಾಳಿಗೆ ತೋರಿಸಿದ ಸಾಲು. ಆಮೇಲೆ ಗೊತ್ತಾಯ್ತು, ಬಂದ ಎಲ್ಲರಿಗೂ ಅವರು ಹೀಗೇ ಮಾಡೋದು. ನೀರು ಹೊತ್ತವನಿಗೆ ಮಾತ್ರ ಅವರ ತೋಟ ಅರ್ಥ ಆಗೋದು.

ತೋಟ ಅಂದ್ರೆ ಗೋಣಿಚೀಲ. ಮುಖ್ಯ ಬೆಳೆ "ಸುಕುಮಾ ವಿಕಿ". ಎಲೆಕೋಸಿನ ಜಾತಿ, ಗೆಡ್ಡೆ ಕಟ್ಟಲ್ಲ, ಎಲೆ ಕಿತ್ತಂಗೆಲ್ಲ ಮೇಲೆ ಬರ್ತಾ ಹೋಗುತ್ತೆ. ಹೆಸರಿನ ಅರ್ಥ "ವಾರ ತಳ್ಳು". ಕಾಸಿಲ್ಲದ ವಾರ ದಾಟಿಸೋ ಸೊಪ್ಪು. ಚೀಲದ ನಡುವೆ ತಳ ಕತ್ತರಿಸಿದ ಡಬ್ಬ ಇಟ್ಟು ಅದರೊಳಗೆ ಜಲ್ಲಿ, ಸುತ್ತ ಮಣ್ಣು ಗೊಬ್ಬರ. ತುಂಬ್ತಾ ತುಂಬ್ತಾ ಡಬ್ಬ ಮೇಲಕ್ಕೆ ಎಳೀತಾರೆ. ಕೊನೆಗೆ ಚೀಲದ ನಟ್ಟನಡುವೆ ಕಲ್ಲಿನ ಕಂಬ ಉಳಿಯುತ್ತೆ, ಮೇಲೆ ಹಾಕಿದ ನೀರು ತಳದವರೆಗೂ ಇಳಿಯುತ್ತೆ. ಚೀಲದ ಮೈಗೆ ತೂತು ಮಾಡಿ ಸಸಿ ನೆಡೋದು, ತಲೆ ಮೇಲೆ ಈರುಳ್ಳಿ. ಒಂದು ಚೀಲ ಒಂದು ಸ್ಟೂಲಿನಷ್ಟು ಜಾಗ. ಇದು ನಮ್ಮ ಪಟ್ಟಣದಲ್ಲಿರೋ ಮಕ್ಕಳ ಮನೆ ಟೆರೇಸಿಗೂ ಆಗುತ್ತೆ, ಮಾಡೋದು ತೋರಿಸ್ತೀನಿ ಬನ್ನಿ.

ಈಗ ನೀರಿನ ಲೆಕ್ಕ ಕೇಳಿ. ನೈರೋಬಿ ಅನ್ನೋದು ಮಸಾಯಿ ಜನರ ಮಾತು. ತಣ್ಣನೆ ನೀರು ಅಂತ ಅರ್ಥ. ಆ ಊರಲ್ಲಿ ನೀರು ಕ್ಯಾನಿನ ಲೆಕ್ಕದಲ್ಲಿ ಮಾರ್ತಾರೆ. ನಾನು ಹೋದ ವಾರ 20 ಲೀಟರ್ ಕ್ಯಾನಿಗೆ 5 ಶಿಲ್ಲಿಂಗ್. ಒಂದು ಶಿಲ್ಲಿಂಗ್ ನಮ್ಮ 65–70 ಪೈಸೆ. ಮೂರನೇ ವಾರ ಕೊಳವೇಲಿ ನೀರು ಬರಲಿಲ್ಲ, ಕ್ಯಾನು 20 ಶಿಲ್ಲಿಂಗ್ ಆಯ್ತು. ಒಂದು ಚೀಲಕ್ಕೆ ಆ ಬಿಸಿಲಲ್ಲಿ ದಿನಕ್ಕೆ 5 ಲೀಟರ್ ಆದ್ರೂ ಬೇಕು. ಆರು ಚೀಲ ಇದ್ರೆ 30 ಲೀಟರ್. ಐದು ಶಿಲ್ಲಿಂಗ್ ಇರೋವಾಗ ದಿನಕ್ಕೆ ಏಳೂವರೆ ಶಿಲ್ಲಿಂಗ್ ಖರ್ಚು, ಗಿಟ್ಟುತ್ತೆ. ಇಪ್ಪತ್ತಾದ್ರೆ 30 ಶಿಲ್ಲಿಂಗ್. ಅಷ್ಟಕ್ಕೆ ಮಾಮಾ ಎಂಬೊಗಾ ಹತ್ರ ಮನೆಗೆ ಸಾಕಾಗೋಷ್ಟು ಸೊಪ್ಪು ಬರುತ್ತೆ. ಮತ್ಯಾಕೆ ಬೆಳೀಬೇಕು? ಚೀಲ ಒಣಗೋಕೆ ಬಿಡ್ತಾರೆ. ಪೈಪ್ ಇರೋ ದೊಡ್ಡ ಮನೆಯವರು ಅದೇ ಊರಲ್ಲಿ, ಅದೇ ನೀರಿಗೆ, ಇದಕ್ಕಿಂತ ಎಷ್ಟೋ ಕಮ್ಮಿ ಕೊಡ್ತಾರೆ.

ಆ ನೀರು ಬರೋದೆಲ್ಲಿಂದ ಅಂದ್ರೆ ಹೆಚ್ಚಿನ ಪಾಲು ಊರಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದ ನ್ಡಕೈನಿ ಅಣೆಕಟ್ಟಿಂದ. ಅದು ಮುರಾಂಗಾ ಅನ್ನೋ ಜಿಲ್ಲೆ, ಟೀ ಬೆಳೆಯೋ ಸಣ್ಣ ರೈತರ ಜಾಗ. ನಮ್ಮ ಹೊಳೆ ನೀರನ್ನ ಊರಿಗೆ ಸಾಗಿಸ್ತಾರೆ ಅಂತ ಅಲ್ಲಿನವರಿಗೆ ಸಿಟ್ಟಿದೆ. ಕೊಳವೆಬಾವಿ ಕೊರೆದ್ರೆ ಫ್ಲೋರೈಡ್. ಇದನ್ನ ಕೋಲಾರದವನಿಗೆ ಯಾರು ಬಿಡಿಸಿ ಹೇಳಬೇಕು? ಸಾವಿರ ಅಡಿ ಕೊರೆದು ಹಲ್ಲು ಹಳದಿ ಮಾಡಿಕೊಂಡೋರು ನಾವು. 2018ರಿಂದ ಕೆ.ಸಿ. ವ್ಯಾಲಿ ಅಂತ ಬೆಂಗಳೂರಿನ ಕೊಳಚೆ ನೀರನ್ನ ಎರಡು ಹಂತ ಸೋಸಿ ನಮ್ಮ ಕೆರೆಗೆ ಬಿಡ್ತಿದ್ದಾರೆ, ಮೂರನೇ ಹಂತಾನೂ ಮಾಡಿ ಅಂತ ಇವತ್ತಿಗೂ ಕೇಳ್ತಾ ಇದ್ದೀವಿ. ನೈರೋಬಿಯಲ್ಲಿ ನದಿ ಪಕ್ಕ ಸೋಸದ ಕೊಳಚೆಯಲ್ಲೇ ಸೊಪ್ಪು ಬೆಳೆಯೋರಿದ್ದಾರೆ. ಅದಕ್ಕೇ ಈ ಹೆಂಗಸರು ಕಷ್ಟ ಆದ್ರೂ ಬಾಗಿಲ ಮುಂದೆ ತಮ್ಮ ಕಣ್ಣೆದುರೇ ಬೆಳೆಯೋದು. ಕೆರೆ ತುಂಬಿದ ಕಥೆ ಹೇಳಿದಾಗ ಅಧ್ಯಕ್ಷೆಯಮ್ಮ ಕೇಳಿದ ಮೊದಲ ಪ್ರಶ್ನೆ: "ಆ ಸೊಪ್ಪು ನೀವು ತಿಂತೀರಾ, ಮಾರ್ತೀರಾ?" ನಮ್ಮ ಪಂಚಾಯ್ತೀಲಿ ಒಬ್ಬರೂ ಇಷ್ಟು ನೇರ ಕೇಳಿಲ್ಲ.

ಗುಂಪಿನ ತಗಡಿನ ಕೋಣೇಲಿ ಒಂದು ಮೂಲೆ ತುಂಬ ಹೊಸ ಚೀಲಗಳ ಕಟ್ಟು ಇತ್ತು, ಬಿಚ್ಚಿರಲಿಲ್ಲ. ಯಾರೋ ಹೊರಗಿನವರು ಬಂದು ಕೊಟ್ಟು, ಫೋಟೋ ತೆಗೆಸಿಕೊಂಡು ಹೋಗಿದ್ರಂತೆ. ಚೀಲಕ್ಕೆ ಅಲ್ಲಿ ಯಾವತ್ತೂ ಬರ ಇರಲಿಲ್ಲ, ಸಕ್ಕರೆ ಚೀಲ, ಸಿಮೆಂಟ್ ಚೀಲ ಬೇಕಾದಷ್ಟಿವೆ. ಇಲ್ಲದ್ದು ನೀರು, ಬದುಕೋ ಸಸಿ. ಮೂರು ದಿನ ಕ್ಯಾನು ಹೊತ್ತಿದ್ರೆ ಆ ಚೀಲ ತಂದವರಿಗೂ ಇದು ತಿಳೀತಿತ್ತು.

ನಾನು ಮಾಡಿದ ಕೆಲಸ ದೊಡ್ಡದೇನಲ್ಲ. ಅವರ ಸಸಿಗಳು ಎರಡೆಲೆ ಬಿಟ್ಟು ಬುಡದಲ್ಲಿ ಕೊಳೆತು ಮಲಗಿಬಿಡ್ತಿದ್ವು. ತೂತಿಲ್ಲದ ಹಳೇ ಬೇಸನ್ನು, ಎರೆ ಮಣ್ಣು, ಒತ್ತೊತ್ತಾಗಿ ಬೀಜ, ಸಂಜೆ ನೀರು. ಟೊಮ್ಯಾಟೊ ಸಸಿ ಮಾಡೋ ನಮ್ಮೋರು ನೋಡಿದ ತಕ್ಷಣ ಹೇಳ್ತೀರಿ. ತಳಕ್ಕೆ ತೂತು ಹೊಡೆದ್ವಿ, ಎರೆ ಮಣ್ಣಿಗೆ ಮರಳು, ಹಳೇ ಗೊಬ್ಬರ ಬೆರೆಸಿ, ತೇವ ಮಾಡಿ, ಬಿಳಿ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಬೇಯೋಕೆ ಬಿಟ್ವಿ. ಬೀಜ ಸಾಲಾಗಿ ತೆಳ್ಳಗೆ, ನೀರು ಬೆಳಗ್ಗೆ ಮಾತ್ರ. ಎರಡನೇ ಸಲದ ಸಸಿ ನಿಂತುಕೊಂಡ್ವು. ಸಸಿ ಕಿತ್ತು ನೆಡೋವಾಗ ಪಕ್ಕದಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನ ಕೈ ನೋಡಿ "ಮ್ಕುಲಿಮಾ" ಅಂದ್ರು. ರೈತ ಅಂತ. ಅಂಗಡಿ ಯಜಮಾನ ಅನ್ನೋದು ಅಲ್ಲಿಗೆ ಮುಗೀತು.

ಗೊಬ್ಬರಕ್ಕೆ ಮಾರುಕಟ್ಟೆ ಕಸ, ಕೋಳಿ ಗೊಬ್ಬರ, ಬಡಗಿಗಳ ಹತ್ರ ಮರದ ಪುಡಿ. ಮರದ ಪುಡಿ ಜಾಸ್ತಿ ಆದ್ರೆ ಗಿಡ ಹಳದಿ ಬೀಳುತ್ತೆ ಅನ್ನೋದು ನಾನು ಹೇಳಿದ್ದು. ಮೇಕೆ ಹಿಕ್ಕೆನ ಹಾಗೇ ಹಾಕದೆ ಕಲ್ಲಿನ ಮಧ್ಯೆ ನೆನೆಸಿ ನೀರಿನ ಜೊತೆ ಇಳಿಸೋದು ಅವರು ತೋರಿಸಿದ್ದು. ನೀರು ಉಳಿಸೋ ಯೋಚನೆ ಬಂದಾಗ ಆ ಅಜ್ಜಿನೇ ದಾರಿ ಹೇಳಿದ್ದು. ಸುಕುಮಾ ಕಮ್ಮಿ ಮಾಡಿ, ನಮ್ಮ ಹಳೇ ಸೊಪ್ಪು ಹಾಕಿ ಅಂತ. ಹಳೇ ಸೊಪ್ಪು ಯಾವುದು ಅಂತೀರಾ? "ಮನಾಗು", ನಮ್ಮ ಗಣಿಕೆ ಸೊಪ್ಪಿನ ಜಾತಿ. "ಟೆರೆರೆ", ನಮ್ಮ ದಂಟು. ಅಲಸಂದೆ ಎಲೆನೂ ಸೊಪ್ಪಿನ ಹಂಗೆ ತಿಂತಾರೆ. ಅದರ ಹೆಸರು "ಕುಂಡೆ". ನಗಬೇಡಿ, ಅವರ ಭಾಷೇಲಿ ಅಲಸಂದೆಗೆ ಅದೇ ಹೆಸರು, ನನಗೆ ಅಂಗಡೀಲಿ ಕೇಳೋಕೆ ಮೂರು ದಿನ ಬೇಕಾಯ್ತು. ಇವು ಬಡವರ ತಿಂಡಿ, ಕಳೆ ಅಂತ ಅಲ್ಲೂ ಮೂಲೆಗೆ ಬಿದ್ದಿದ್ವು. ಮೇರಿ ಅಬುಕುತ್ಸಾ ಅನ್ನೋ ಅವರದೇ ಪ್ರೊಫೆಸರಮ್ಮ ವರ್ಷಗಟ್ಟಲೆ ಸಂಶೋಧನೆ ಮಾಡಿ ಇವುಗಳ ಬೆಲೆ ತೋರಿಸಿದ ಮೇಲೆ ಈಗ ದೊಡ್ಡ ಅಂಗಡಿಗಳಲ್ಲೂ ಇಡ್ತಾರೆ. ನಾವು? ಬದುವಿನ ಗಣಿಕೆಗೆ ಕಳೆನಾಶಕ ಹೊಡೆದು ಸಂತೇಲಿ ಪಾಲಕ್ ತರ್ತೀವಿ.

ಇನ್ನು ದುಡ್ಡು ಕೊಟ್ಟು ಸೇವೆಗೆ ಬರೋರ ವಿಷಯ. ನಾನಿದ್ದ ವಸತಿಗೃಹದಲ್ಲಿ ಬೇರೆ ಬೇರೆ ದೇಶದ ಹುಡುಗ ಹುಡುಗೀರು ಬಂದು ಹೋಗ್ತಿದ್ರು. ಎರಡು ವಾರ, ಕೆಲವರು ಒಂದೇ ವಾರ. ನಡುವೆ ಇರೋ ಕಂಪನಿಗೆ ಅವರು ಕಟ್ಟಿದ ದುಡ್ಡು ಕೇಳಿ ನನಗೆ ತಲೆ ತಿರುಗ್ತು. ಅವರು ಮಾಡಿದ್ದು ಒಂದು ಶಾಲೆಯ ಗೋಡೆಗೆ ಬಣ್ಣ. ಪಕ್ಕದ ಬೀದೀಲೇ ಬಣ್ಣ ಹೊಡೆಯೋ ಕೂಲಿಯವನು ಬೆಳಗ್ಗಿಂದ ಕೆಲಸ ಇಲ್ಲದೆ ಕೂತಿದ್ದ. ಹುಡುಗರ ಮೇಲೆ ಸಿಟ್ಟಿಲ್ಲ, ಒಳ್ಳೇ ಮಕ್ಕಳು, ನನಗೆ ಫೋನಲ್ಲಿ ನಕ್ಷೆ ನೋಡೋದು ಕಲಿಸಿದ್ರು. ಸಿಟ್ಟು ನಡುವಿನವರ ಮೇಲೆ. ಮಂಡೀಲಿ ಬೆಳೆದವನಿಗೂ ಕಮ್ಮಿ, ತಿನ್ನೋನಿಗೂ ಜಾಸ್ತಿ, ನಡುವಿನವನಿಗೆ ಕಮಿಷನ್ ಅಂತ ನಾವು ಬೈತೀವಲ್ಲ, ಕರುಣೆಗೂ ಹಂಗೇ ಒಂದು ಮಂಡಿ ತೆರೆದಿದ್ದಾರೆ. ಆ ಮಂಡಿಯ ಏಜೆಂಟರೇ ಈಗ ನಮ್ಮ ಹಳ್ಳಿಗಳಿಗೆ ಫೋನ್ ಮಾಡ್ತಿರೋದು.

ಅಂದ ಮಾತ್ರಕ್ಕೆ ಯಾರೂ ಹೋಗಲೇಬಾರದು ಅನ್ನೋದು ನನ್ನ ಮಾತಲ್ಲ. ನಮ್ಮಂಥವರು ಹೋಗಬೇಕು. ಅದಕ್ಕೆ ನನ್ನ ಹತ್ರ ಒಂದು ಕಾರಣ ಇದೆ, ಅದು ರಾಗಿ.

ಅಲ್ಲಿ ಬೆಳಗ್ಗೆ ಬೀದಿ ಮೂಲೇಲಿ ಫ್ಲಾಸ್ಕಿಂದ ಬಿಸಿ ಗಂಜಿ ಮಾರ್ತಾರೆ. ಹೆಸರು "ಊಜಿ". ರೇಷ್ಮೆ ಸಾಕೋ ನಮಗೆ ಊಜಿ ಅಂದ್ರೆ ಹುಳ ತಿನ್ನೋ ನೊಣ, ಕೇಳಿ ಬೆಚ್ಚಿದೆ. ಕುಡಿದ್ರೆ ರಾಗಿ ಗಂಜಿ! ರಾಗಿಗೆ ಅವರು "ವಿಂಬಿ" ಅಂತಾರೆ. ರಾಗಿ ಹುಟ್ಟಿದ್ದೇ ಇಥಿಯೋಪಿಯಾ, ಉಗಾಂಡಾ ಕಡೆಯ ಆ ಎತ್ತರದ ನೆಲದಲ್ಲಿ, ಸಾವಿರಾರು ವರ್ಷದ ಹಿಂದೆ ಸಮುದ್ರ ದಾಟಿ ನಮ್ಮ ಕಡೆ ಬಂತು. ಅದು ಹಳೇ ಕಥೆ. ಹೊಸ ಸಾಲ ಇನ್ನೊಂದಿದೆ. ನಮ್ಮಪ್ಪಂದಿರು ಬೆಳೆದ ಇಂಡಾಫ್ ರಾಗಿ ನೆನಪಿದೆಯಾ? ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನ ನಮ್ಮ ರಾಗಿ ಜೊತೆ ಕೂಡಿಸಿ ಮಾಡಿದ ತಳಿಗಳು ಅವು. ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಇಂಡಾಫ್. ಇವತ್ತು ನಮ್ಮ ಹೊಲದಲ್ಲಿರೋ ಜಿಪಿಯು-28ರಲ್ಲೂ ಇಂಡಾಫ್ ರಕ್ತ ಇದೆ. ಎಕರೆಗೆ ಹೆಚ್ಚು ರಾಗಿ ಕಂಡಿದ್ದು, ಮೂರು ಹೊತ್ತು ಮುದ್ದೆ ಉಂಡಿದ್ದು, ನನ್ನಂಥವನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಎಲ್ಲ ಆ ಕಾಳಿಂದ.

ಅಂದ್ರೆ ಮುಯ್ಯಿ ಬಾಕಿ ಇರೋದು ನಮ್ಮ ಕಡೆಯಿಂದ. ನಾನು ಐದು ವಾರ ಸಸಿ ನೆಟ್ಟಿದ್ದಕ್ಕೆ ಅವರು ಕೈ ಮುಗಿದು ಕಳಿಸಬೇಕಾಗಿಲ್ಲ. ಇದನ್ನ ಊಟಕ್ಕೆ ಕೂತಾಗ ಹೇಳಿದೆ. ಉಗಾಲಿ ಅಂತ ಅವರ ಮೆಕ್ಕೆಜೋಳದ ಮುದ್ದೆ ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ ಸೊಪ್ಪು ತುಂಬಿ ಬಾಯಿಗಿಡ್ತಾರೆ. ಆಮೇಲೆ ಅಗೀತಾರೆ! ಮುದ್ದೆ ಅಗಿಯೋದು ನೋಡೋಕಾಗದೆ ನುಂಗೋದು ಕಲಿಸೋಕೆ ಹೋದೆ, ಒಬ್ಬರೂ ಕಲೀಲಿಲ್ಲ. ಅಧ್ಯಕ್ಷೆಯಮ್ಮ ರಾಗಿ ಕಥೆ ಪೂರ್ತಿ ಕೇಳಿ, "ಹಂಗಾದ್ರೆ ನಾವು ಯಾವಾಗ ಬರಬೇಕು?" ಅಂದ್ರು. ನಗೋಕೆ ಹೇಳಿದ ಮಾತಾಗಿರಲಿಲ್ಲ.

ಈಗ ಹಸು ಮಾರೋಕೆ ಹೊರಟವರಿಗೆ. ಅಣ್ಣಾ, ಮಾರಬೇಡ. ಫೋನ್ ಮಾಡಿದವರಿಗೆ ಮೊದಲು ಕೇಳು, ಅಲ್ಲಿ ನಮ್ಮ ಹುಡುಗನನ್ನ ಕರೆದಿರೋದು ಯಾರು, ಏನು ಕೆಲಸಕ್ಕೆ ಅಂತ. ಊರಿನ ಹೆಸರು, ಗುಂಪಿನ ಹೆಸರು, ಅವರ ಜೊತೆ ಒಂದು ಸಲ ಫೋನಲ್ಲಿ ಮಾತು. ಇದು ಕೊಡದಿದ್ರೆ ಅಲ್ಲಿಗೆ ಬಿಡು. ಆ ಕೆಲಸ ನಿನ್ನ ಹುಡುಗನಿಗೆ ಬರುತ್ತಾ? ಇಲ್ಲಿ ಒಂದು ಸಸಿ ನೆಡದವನು ಅಲ್ಲಿ ಏನು ನೆಡ್ತಾನೆ? ಸೇವೆಗೂ ಅಲ್ಲಿನ ಸರ್ಕಾರದ ಪರವಾನಗಿ ಬೇಕು, ಕರೆಸೋ ಸಂಸ್ಥೆಯೇ ಮಾಡಿಸಬೇಕು. ಪ್ರವಾಸಿ ಅಂತ ಬರೆಸಿ ಹೋಗು ಅಂದ್ರೆ ಅವನು ಕಳ್ಳ. ಹಳದಿ ಜ್ವರದ ಸೂಜಿ ಹೋಗೋ ಹತ್ತು ದಿನ ಮುಂಚೆ ಹಾಕಿಸಬೇಕು, ಕಾರ್ಡ್ ಜೋಪಾನ, ಅದಿಲ್ಲದೆ ಕೆನ್ಯಾದಿಂದ ವಾಪಸ್ ಬಂದ್ರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ಬೇರೆ ಇಡ್ತಾರೆ. "ಅಲ್ಲೇ ಕೆಲಸ ಸಿಗುತ್ತೆ" ಅನ್ನೋ ಮಾತಿಗೆ ಏನು ಹೇಳಲಿ. ಆ ಊರಿನ ಓದಿದ ಹುಡುಗರೇ ಕೆಲಸ ಹುಡುಕ್ತಾ ಬೆಳಗಿನ ಕತ್ತಲಲ್ಲಿ ನಡೀತಿರೋದನ್ನ ಐದು ವಾರ ನೋಡಿದೆ.

ನನ್ನನ್ನ ಕಳಿಸಿದ ಸಂಸ್ಥೆಯವರ ಹತ್ರಾನೂ ಒಂದು ತಕರಾರು ಮಾಡಿದ್ದೀನಿ. ನಮ್ಮನ್ನ ಅಲ್ಲಿಗೆ ಕಳಿಸೋಕೆ ಟಿಕೆಟ್ ದುಡ್ಡು ಹುಟ್ಟುತ್ತೆ, ಅಲ್ಲಿಯವರನ್ನ ಇಲ್ಲಿಗೆ ಕರೆಸೋಕೆ ಯಾಕೆ ಹುಟ್ಟಲ್ಲ? ಒಂದೇ ಕಡೆ ಹರಿಯೋದಕ್ಕೆ ಮುಯ್ಯಿ ಅಂತ ಯಾರೂ ಕರೆಯಲ್ಲ. ಯೋಚನೆ ಮಾಡ್ತೀವಿ ಅಂದಿದ್ದಾರೆ. ಒಬ್ಬರ ಟಿಕೆಟ್ ಅವರು ಹಾಕಿದ್ರೆ ಇನ್ನೊಬ್ಬರದ್ದು ನಾವು ಊರವರು ಸೇರಿ ಹಾಕ್ತೀವಿ ಅಂತ ನಾನು ಮಾತು ಕೊಟ್ಟುಬಿಟ್ಟಿದ್ದೀನಿ, ನಿಮ್ಮನ್ನ ಕೇಳದೆ. ಅಧ್ಯಕ್ಷೆಯಮ್ಮ ಮತ್ತೆ ಆ ಅಜ್ಜಿ. ಅಜ್ಜಿಗೆ ಪಾಸ್‌ಪೋರ್ಟ್ ಇಲ್ಲ, ಮಾಡಿಸ್ತಾರಂತೆ. ಅವರು ನೋಡಬೇಕು ಅಂದಿರೋದು ಕೆ.ಸಿ. ವ್ಯಾಲಿ ನೀರು ಬರೋ ಕೆರೆ, ಅದರ ಕೆಳಗಿನ ತೋಟ, ರಾಗಿ ಒಕ್ಕೋ ಮಿಷಿನ್ನು.

ರಾಗಿ ಕೊಯ್ಲಿನ ಹೊತ್ತಿಗೆ ಬಂದ್ರೆ ಚೆನ್ನ. ಮಲಗೋಕೆ ನಮ್ಮ ಮನೇಲಿ ಒಂದು ಕೋಣೆ ಇದೆ, ಅಜ್ಜಿಗೆ ಮೆಟ್ಟಿಲು ಹತ್ತೋಕಾಗಲ್ಲ, ಕೆಳಗಿನ ಕೋಣೆ ಇರೋರು ಯಾರಾದ್ರೂ ಇದ್ರೆ ಹೇಳಿ. ಖಾರ ಕಮ್ಮಿ ಹಾಕಬೇಕು. ಕೊಯ್ಲಿಗೆ ಅವರಿಗೊಂದು ಸಾಲು ಬಿಟ್ಟುಕೊಡೋ ಹೊಲ ಬೇಕು, ರಸ್ತೆಗೆ ಹತ್ರ ಇರೋದು. ಗಣಿಕೆ ಸೊಪ್ಪಿಗೆ ಔಷಧಿ ಹೊಡೀದೆ ಉಳಿಸಿರೋ ಬದು ಯಾರದ್ದಾದ್ರೂ ಇದ್ರೆ ಅದೂ ತಿಳಿಸಿ.